ಏಕನಿಷ್ಠೆ ಮತ್ತು ನೇಮ: ಗುಬ್ಬಿ–ತುಮಕೂರು ಸೀಮೆಯ ವೆಸ್ಲಿಯನ್ ಪರಂಪರೆ

ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿದ್ದು 1837ರಲ್ಲಿ, ಮಿಷನರಿ ಥಾಮಸ್ ಹಾಡ್ಸನ್ ಅವರ ಕಾಲದಲ್ಲಿ. ಈ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ (1703–1791) ತೀರಿಕೊಂಡು ಆಗಿನ್ನೂ ಅರ್ಧ ಶತಮಾನ ತುಂಬಿರಲಿಲ್ಲ. ಹಾಗಾಗಿ ಈ ಸೀಮೆಗೆ ಬಂದದ್ದು ಸುವಾರ್ತೆ ಮಾತ್ರವಲ್ಲ. ವಿಶ್ವಾಸಿಯ ದಿನ, ವಾರ, ವರ್ಷಗಳನ್ನು ಕಟ್ಟಿನಲ್ಲಿಡುವ ಒಂದು ನೇಮವೂ ಅದರ ಜೊತೆಯಲ್ಲೇ ಬಂತು.

ಆ ನೇಮದ ಬೇರು ವೆಸ್ಲಿಯ ಯೌವನದಲ್ಲಿದೆ. 1725ರ ಸುಮಾರಿಗೆ ಜೆರೆಮಿ ಟೇಲರ್ ಮತ್ತು ಥಾಮಸ್ ಎ ಕೆಂಪಿಸ್ ಅವರ ಗ್ರಂಥಗಳನ್ನು ಓದಿದ ಆತನಿಗೆ, ದೇವರಿಗೆ ಅರ್ಧ ಮನಸ್ಸು ಕೊಡುವುದೂ ಕೊಡದಿರುವುದೂ ಒಂದೇ ಎಂದು ಮನವರಿಕೆಯಾಯಿತು. 1729ರಿಂದ ಆಕ್ಸ್‌ಫರ್ಡಿನಲ್ಲಿ ಆತನ ಸುತ್ತ ಸೇರಿದ ಗೆಳೆಯರು ಉಪವಾಸ, ಪ್ರಾರ್ಥನೆ, ಸೆರೆಮನೆಯ ಭೇಟಿ ಎಲ್ಲವನ್ನೂ ವೇಳಾಪಟ್ಟಿಯಂತೆ ನಡೆಸುತ್ತಿದ್ದರು. ‘ಮೆಥೊಡಿಸ್ಟರು’ ಎಂಬ ಹೆಸರು ಅವರನ್ನು ಹಂಗಿಸಲು ಹುಟ್ಟಿಕೊಂಡದ್ದು. 1766ರಲ್ಲಿ ಪ್ರಕಟವಾದ ಕ್ರೈಸ್ತ ಪರಿಪೂರ್ಣತೆಯ ಕುರಿತ ಪುಸ್ತಕದಲ್ಲಿ ವೆಸ್ಲಿ ಈ ವಿಚಾರವನ್ನು ವಿವರವಾಗಿ ಮಂಡಿಸಿದರು. ಪರಿಪೂರ್ಣತೆ ಎಂದರೆ ತಪ್ಪೇ ಮಾಡದಿರುವುದಲ್ಲ. ಪ್ರೀತಿ ಹೃದಯವನ್ನೆಲ್ಲ ಆಳುವುದು. ಅಜ್ಞಾನವೂ ತಪ್ಪು ತಿಳುವಳಿಕೆಯೂ ಮನುಷ್ಯನಿಗೆ ಉಳಿದೇ ಇರುತ್ತವೆ ಎಂದು ಅವರೇ ಒಪ್ಪಿದ್ದರು. ಈ ಬೋಧನೆ ನಿಷ್ಠುರವಾಗಿಯೂ ಮಾನವೀಯವಾಗಿ ಉಳಿದದ್ದು ಈ ಒಪ್ಪಿಗೆಯಿಂದಲೇ.

ಆದರೆ ವೆಸ್ಲಿಯ ನಿಜವಾದ ಕೊಡುಗೆ ಸಿದ್ಧಾಂತಕ್ಕಿಂತ ಹೆಚ್ಚಾಗಿ ವ್ಯವಸ್ಥೆಯಲ್ಲಿದೆ. 1742ರಲ್ಲಿ ಬ್ರಿಸ್ಟಲ್ ನಗರದ ಪ್ರಾರ್ಥನಾಮಂದಿರದ ಸಾಲ ತೀರಿಸಲು ಸದಸ್ಯರನ್ನು ಸುಮಾರು ಹನ್ನೆರಡು ಮಂದಿಯ ಗುಂಪುಗಳಾಗಿ ಹಂಚಲಾಯಿತು. ಮುಖಂಡನೊಬ್ಬ ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಒಂದೊಂದು ಪೆನ್ನಿ ಸಂಗ್ರಹಿಸಬೇಕಿತ್ತು. ಹಣಕ್ಕೆ ಹೋದವನ ಕಣ್ಣಿಗೆ ಮನೆಯ ಜಗಳ, ಕುಡಿತ, ನಿಂತುಹೋದ ಪ್ರಾರ್ಥನೆ ಎಲ್ಲವೂ ಬಿದ್ದವು. ವಸೂಲಿಯ ಏರ್ಪಾಡು ಆತ್ಮಪಾಲನೆಯ ಏರ್ಪಾಡಾಗಿ ಮಾರ್ಪಟ್ಟದ್ದು ಹೀಗೆ. ಇದೇ ‘ಕ್ಲಾಸ್ ಸಭೆ’. ಮರುವರ್ಷ ಹೊರಟ ಸಾಮಾನ್ಯ ನಿಯಮಗಳು ಮೂರೇ: ಕೆಡುಕು ಮಾಡಬೇಡ, ಒಳಿತು ಮಾಡು, ದೇವರು ನೇಮಿಸಿದ ಕೃಪಾಸಾಧನಗಳನ್ನು ಬಿಡಬೇಡ. ನಡತೆ ಸರಿಯಿದ್ದವರಿಗೆ ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ ದೊರೆಯುತ್ತಿತ್ತು. ಒಬ್ಬನ ಸಂಕಲ್ಪ ಎಷ್ಟೇ ಗಟ್ಟಿಯಾಗಿರಲಿ, ಹೇಳುವವರು ಕೇಳುವವರು ಇಲ್ಲದೆ ಸಡಿಲವಾಗುತ್ತದೆ ಎಂಬ ಅರಿವು ಈ ಇಡೀ ಕ್ರಮದ ಆಧಾರ. ಏಕನಿಷ್ಠೆಯನ್ನು ಒಂಟಿಸಾಧಕನಿಂದ ಬಿಡಿಸಿ ನೆರೆಹೊರೆಯ ಕೈಗೆ ಒಪ್ಪಿಸಿದ್ದು ಈ ಪರಂಪರೆಯ ಬಹುದೊಡ್ಡ ಸಾಧನೆ.

ಹಾಡ್ಸನ್ ಬಂದ ನಾಡಿಗೆ ನಿಷ್ಠೆ ಹೊಸ ಮಾತಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿಯ ಆಸುಪಾಸಿನ ಎಡೆಯೂರಿನಲ್ಲಿ, ವೀರಶೈವ ಗುರು ತೋಂಟದ ಸಿದ್ಧಲಿಂಗರ ಗದ್ದುಗೆಯಿದೆ. ಅಂಗೈಯ ಇಷ್ಟಲಿಂಗದಲ್ಲಿ ದಿನವೂ ದೃಷ್ಟಿ ನೆಟ್ಟ ಜನರಿಗೆ ಏಕಾಗ್ರತೆಯ ಪಾಠ ಹೊರಗಿನವರು ಹೇಳಿಕೊಡಬೇಕಿರಲಿಲ್ಲ. ಬೋಧನೆಯನ್ನು ನಡತೆಯ ಒರೆಗೆ ಹಚ್ಚಿ ನೋಡುವ ಇಂಥ ನೆಲದಲ್ಲಿ ವೆಸ್ಲಿಯನ್ನರ ಶಿಸ್ತೂ ಅದೇ ಪರೀಕ್ಷೆಗೆ ಒಳಪಡಲೇಬೇಕಿತ್ತು.

ಆ ಪರೀಕ್ಷೆಯಲ್ಲಿ ದೋಷವೊಂದು ಎದ್ದು ಕಾಣುತ್ತದೆ. ಇಂಗ್ಲೆಂಡಿನ ಕ್ಲಾಸ್ ಸಭೆಯಲ್ಲಿ ಮುಖಂಡನೂ ಸದಸ್ಯರೂ ಹೆಚ್ಚುಕಡಿಮೆ ಒಂದೇ ಬಗೆಯ ದುಡಿಯುವ ಜನ. ಮೈಸೂರು ಸೀಮೆಯಲ್ಲಿ ಮಿಷನ್ನೇ ಶಾಲೆಯ ಒಡೆತನ ಹೊಂದಿತ್ತು, ಉಪದೇಶಿಗೆ ಸಂಬಳ ಕೊಡುತ್ತಿತ್ತು. 1876–78ರ ಬರದ ತರುವಾಯ ಅನಾಥ ಮಕ್ಕಳ ಪೋಷಣೆಯನ್ನೂ ಹೊತ್ತಿತು. ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯಗಳು ನಡೆದವು. ಆ ಸೇವೆ ಎಷ್ಟೋ ಜೀವ ಉಳಿಸಿತು, ಅದನ್ನು ಕಡೆಗಣಿಸಲಾಗದು. ಆದರೆ ಅನ್ನ ಕೊಟ್ಟವರೇ ಆತ್ಮದ ಲೆಕ್ಕ ಕೇಳಿದಾಗ ಉತ್ತರ ಬಿಚ್ಚುಮನಸ್ಸಿನಿಂದ ಬರುವುದು ಕಷ್ಟ. ಎಡವಿದ್ದನ್ನು ಹೇಳಿಕೊಂಡರೆ ಕೆಲಸವೇ ಹೋದೀತು ಎಂಬ ಅಂಜಿಕೆ ಇದ್ದಲ್ಲಿ ಶಿಸ್ತು ಉಳಿದರೂ ಮನಬಿಚ್ಚಿ ಮಾತಾಡುವುದು ಉಳಿಯದು.

1839ರಲ್ಲಿ ಮಿಷನರಿಯಾಗಿ ಬಂದು ಗುಬ್ಬಿಯಲ್ಲಿ ದುಡಿದ ವಿಲಿಯಂ ಆರ್ಥರ್ ಆರೋಗ್ಯ ಕೆಟ್ಟು 1841ರಲ್ಲಿ ಮರಳಿದರು. 1856ರಲ್ಲಿ ಅವರು ಪ್ರಕಟಿಸಿದ ‘ಅಗ್ನಿಯ ನಾಲಿಗೆ’ ಎಂಬರ್ಥದ ಇಂಗ್ಲಿಷ್ ಪುಸ್ತಕ ಪವಿತ್ರಾತ್ಮನ ಬಲವಿಲ್ಲದ ಸಂಘಟನೆ ನಿರ್ಜೀವ ಎಂದು ಸಾರಿತು. ಸಂಸ್ಥೆಗಳು ಬೆಳೆಯುತ್ತಿದ್ದ ಮಿಷನ್‌ಗೆ ಆ ಎಚ್ಚರಿಕೆ ಬೇಕೇ ಇತ್ತು.

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಈ ಐಕ್ಯದಲ್ಲಿ ಕಳೆದುಹೋಗಲಿಲ್ಲ. ಹೊಸ ಸಭೆಯ ಆರಾಧನಾ ಪುಸ್ತಕದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ವರ್ಷಾರಂಭದಲ್ಲಿ ವಿಶ್ವಾಸಿಗಳು ತಮ್ಮನ್ನು ಪೂರ್ತಿಯಾಗಿ ದೇವರ ಚಿತ್ತಕ್ಕೆ ಒಪ್ಪಿಸಿಕೊಳ್ಳುವ ಗಂಭೀರ ಪ್ರತಿಜ್ಞೆ ಅದು. ಸದಸ್ಯತ್ವದ ಷರತ್ತಾಗಿದ್ದ ವಾರದ ಕ್ಲಾಸ್ ಸಭೆಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಮನೆಪ್ರಾರ್ಥನೆ ಕೂಟಗಳೂ ಮಹಿಳಾ ಅನ್ಯೋನ್ಯತೆಯೂ ಅದರ ಒಂದಿಷ್ಟು ಹೊಣೆ ಹೊತ್ತಿವೆ. ಅಲ್ಲಿ ಹಾಡು, ವೇದಪಠಣ, ಪರರಿಗಾಗಿ ಬಿನ್ನಹ ಎಲ್ಲ ಇರುತ್ತದೆ; ಕಳೆದ ವಾರ ನಿನ್ನ ನಡಿಗೆ ಹೇಗಿತ್ತು ಎಂದು ಒಬ್ಬೊಬ್ಬರನ್ನೂ ಕೇಳುವ ಕ್ರಮ ಅಪರೂಪ. ಸಂಬಳದ ಹಂಗು ಕಳಚಿದ ಇಂದಿನ ಸಭೆಯಲ್ಲಿ ಆ ಪ್ರಶ್ನೆಯನ್ನು ಸರಿಸಮಾನರು ಪರಸ್ಪರ ಕೇಳಿಕೊಳ್ಳಲು ಹಿಂದೆಂದಿಗಿಂತ ಹೆಚ್ಚು ಅವಕಾಶವಿದೆ.