ಕ್ರೂಸೋನ ಮೂರು ದೋಣಿಗಳು

ಮನೆಯಲ್ಲಿ ದೋಣಿ ಕಟ್ಟಲು ಹೊರಟವನು ಮೊದಲು ಬಾಗಿಲಿನ ಅಗಲ ನೋಡಿಕೊಳ್ಳಬೇಕು. ಈ ಸಣ್ಣ ವಿವೇಕ ಮರೆತು ಕೆಟ್ಟವರಲ್ಲಿ ಎಲ್ಲರೂ ಬಲ್ಲವನು ರಾಬಿನ್ಸನ್ ಕ್ರೂಸೋ. ಡೇನಿಯಲ್ ಡೆಫೋ 1719ರಲ್ಲಿ ಪ್ರಕಟಿಸಿದ ಆ ಕೃತಿಯನ್ನು ನಮ್ಮಲ್ಲಿ ಹೆಚ್ಚಿನವರು ಶಾಲಾದಿನಗಳಲ್ಲಿ, ಕನ್ನಡದಲ್ಲೋ ಮಲಯಾಳದಲ್ಲೋ, ಸಂಕ್ಷೇಪವಾಗಿ ಓದಿದವರು. ಒಬ್ಬಂಟಿ ಮನುಷ್ಯನೊಬ್ಬ ತನ್ನ ಎರಡು ಕೈಗಳಿಂದ ಲೋಕವನ್ನೇ ಕಟ್ಟಿಕೊಂಡ ಕತೆ ಎಂದು ನೆನಪಿಟ್ಟುಕೊಂಡವರು. ಇತ್ತೀಚೆಗೆ ಪೂರ್ಣಪಾಠವನ್ನು ಮತ್ತೊಮ್ಮೆ ಓದಿದಾಗ, ದೋಣಿ ಕಟ್ಟುವ ಭಾಗಗಳು ಈ ನೆನಪಿಗೆ ವಿರುದ್ಧವಾದ ಸಾಕ್ಷ್ಯ ಹೇಳುತ್ತವೆ ಎನ್ನಿಸಿತು.

ಮೊದಲ ದೋಣಿಯ ಕತೆ ಪ್ರಸಿದ್ಧ. ಬುಡದಲ್ಲಿ 5 ಅಡಿ 10 ಅಂಗುಲ ಅಡ್ಡಳತೆಯ ಒಂದು ದೇವದಾರು ಮರ. ಅದನ್ನು ಕಡಿದು ಉರುಳಿಸಲು 20 ದಿನ, ಕೊಂಬೆರೆಂಬೆ ಸವರಲು ಇನ್ನೂ 14 ದಿನ, ಹೊರಮೈಗೆ ದೋಣಿಯ ಆಕಾರ ಕೊಡಲು ಒಂದು ತಿಂಗಳು, ಒಳಗನ್ನು ಉಳಿ ಸುತ್ತಿಗೆಗಳಿಂದಲೇ ತೋಡಲು ಸುಮಾರು ಮೂರು ತಿಂಗಳು. ಇಷ್ಟಾದ ಮೇಲೆ 26 ಜನ ಹಿಡಿಸುವ ದೋಣಿ ಸಿದ್ಧವಾಗುತ್ತದೆ. ಏರುವವನು ಒಬ್ಬನೇ! ನೀರು ಬರೀ 100 ಗಜ ದೂರದಲ್ಲಿ, ಆದರೆ ನಡುವೆ ಏರುನೆಲ. ದೋಣಿ ಅಲುಗಲಿಲ್ಲ. ನೀರನ್ನೇ ದೋಣಿಯ ಬಳಿಗೆ ತರುವುದೆಂದು ಕಾಲುವೆಯ ಲೆಕ್ಕ ಹಾಕಿದರೆ ಹತ್ತು ಹನ್ನೆರಡು ವರ್ಷದ ಕೆಲಸ. ದೋಣಿ ಅಲ್ಲೇ ಉಳಿಯಿತು.

ಸಾಮಾನ್ಯವಾಗಿ ಇದನ್ನು ಮುಂದಾಲೋಚನೆಯಿಲ್ಲದವನ ನೀತಿಕತೆಯಾಗಿ ಓದುತ್ತಾರೆ. ಕ್ರೂಸೋ ಕೂಡ ಹಾಗೆಯೇ ಓದಿಕೊಳ್ಳುತ್ತಾನೆ. ನೀತಿಗಿಂತ ಲೆಕ್ಕ ಮುಖ್ಯವೆಂದು ನನ್ನ ಅಭಿಪ್ರಾಯ. ಪ್ರಾರ್ಥನೆ, ಪಶ್ಚಾತ್ತಾಪಗಳ ಪುಟಗಳಲ್ಲಿ ಬಳಲುವ ಡೆಫೋನ ಗದ್ಯ ಅಡಿ, ಅಂಗುಲ, ದಿನಗಳಿಗೆ ಬಂದೊಡನೆ ಜೀವ ತಳೆಯುತ್ತದೆ. ಸೋತ ಕೆಲಸಕ್ಕೂ ಅಷ್ಟೇ ನಿಷ್ಠೆಯಿಂದ ಲೆಕ್ಕ ಒಪ್ಪಿಸುವ ಗದ್ಯವನ್ನು ನಾವು ನಂಬುತ್ತೇವೆ.

ಎರಡನೆಯದು ಚಿಕ್ಕ ದೋಣಿ. ಅದಕ್ಕೆ ಹತ್ತಿರ ಹತ್ತಿರ ಎರಡು ವರ್ಷ. 6 ಅಡಿ ಅಗಲ, 4 ಅಡಿ ಆಳದ ಕಾಲುವೆಯನ್ನು ಸುಮಾರು ಅರ್ಧ ಮೈಲಿ ತೋಡಿ ಅದನ್ನು ನೀರಿಗೆ ತರುತ್ತಾನೆ. ಹಡಗಿನ ಹಳೆಯ ಹಾಯಿಯ ತುಂಡುಗಳಿಂದ ಪುಟ್ಟ ಹಾಯಿ ಹೊಲಿಯುತ್ತಾನೆ, ಹಿಂಬದಿಗೆ ಬಿಸಿಲು ತಡೆಯಲು ಕೊಡೆ ಸಿಕ್ಕಿಸುತ್ತಾನೆ. ಆ ಕೊಡೆಯ ವಿವರ ನನಗೆ ತುಂಬ ಇಷ್ಟ. ಇದು ಮನೆಯಲ್ಲಿ ಕಟ್ಟಿದ ಹಾಯಿದೋಣಿಯ ಎಲ್ಲ ಸುಖವೂ ಉಳ್ಳದ್ದು, ಆದರೆ ಸಮುದ್ರ ದಾಟಲು ಸಾಲದು. ದ್ವೀಪವನ್ನು ಸುತ್ತಲು ಹೋಗಿ ಸೆಳವಿಗೆ ಸಿಕ್ಕಿ ಕ್ರೂಸೋ ಹೇಗೋ ಬದುಕಿ ಬರುತ್ತಾನೆ.

ಮೂರನೆಯದನ್ನು ಕಟ್ಟುವಾಗ ಫ್ರೈಡೆ ಜೊತೆಗಿದ್ದಾನೆ. ಇಲ್ಲಿ ಲೆಕ್ಕವನ್ನು ಗಮನಿಸಬೇಕು. ಮರ ಕಡಿದು ದೋಣಿಯಾಗಿಸಲು ಸುಮಾರು ಒಂದು ತಿಂಗಳು. ಉರುಳೆಗಳ ಮೇಲೆ ಅಂಗುಲ ಅಂಗುಲವಾಗಿ ಸರಿಸಿ ನೀರಿಗಿಳಿಸಲು ಹದಿನೈದು ದಿನ. 20 ಜನರನ್ನು ಸುಲಭವಾಗಿ ಹೊರಬಲ್ಲ ದೋಣಿ! ಒಬ್ಬನೇ ಐದು ತಿಂಗಳು ದುಡಿದು ಕದಲಿಸಲಾಗದ್ದನ್ನು ಇಬ್ಬರು ಆರೇಳು ವಾರಗಳಲ್ಲಿ ತೇಲಿಸಿದರು. ಈ ಸಲ ನೀರಿನ ಹತ್ತಿರದ ಮರವನ್ನೇ ಆರಿಸುವಷ್ಟು ಕ್ರೂಸೋ ಕಲಿತಿದ್ದ ಎನ್ನುವುದೂ ನಿಜ. ಆದರೂ ಯಾವ ಮರ ತಕ್ಕದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವನು ಫ್ರೈಡೆ, ಆರಿಸಿದವನೂ ಅವನೇ. ಬೆಂಕಿಯಿಟ್ಟು ಒಳಗನ್ನು ತೋಡುವುದು ಫ್ರೈಡೆಯ ಪದ್ಧತಿ. ಕ್ರೂಸೋ ಅದನ್ನು ಬಿಡಿಸಿ ಉಳಿ ಹಿಡಿಸುತ್ತಾನೆ. ಹಾಯಿ, ಚುಕ್ಕಾಣಿಗಳ ವಿದ್ಯೆ ಕ್ರೂಸೋನದು. ಅವನ ಮುಕ್ಕೋನದ ಹಾಯಿಯಾದರೂ ಎಲ್ಲಿಯದು? ಮೂರರಿಗೆ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದಾಗಿನ ದೋಣಿಯಲ್ಲಿದ್ದ ಹಾಯಿಯ ಮಾದರಿಯದು. ಹೀಗೆ ಒಂದು ದೋಣಿಯಲ್ಲಿ ಮೂರು ನೆಲಗಳ ಕೈಚಳಕ ಸೇರಿದೆ.

ಇಯಾನ್ ವಾಟ್ 1957ರ ತಮ್ಮ ಗ್ರಂಥದಲ್ಲಿ ಕ್ರೂಸೋನನ್ನು ಆರ್ಥಿಕ ವ್ಯಕ್ತಿವಾದದ ಪ್ರತಿನಿಧಿಯಾಗಿ ಕಂಡರು. ಜೆ. ಎಂ. ಕುಟ್ಸೀ 'ಫೋ' (1986) ಕಾದಂಬರಿಯಲ್ಲಿ ದೋಣಿ ಕಟ್ಟುವ ಆಸೆಯನ್ನೇ ಕ್ರೂಸೋನಿಂದ ಕಿತ್ತುಕೊಂಡು, ಫ್ರೈಡೆಯನ್ನು ನಾಲಗೆಯಿಲ್ಲದವನನ್ನಾಗಿಸಿದರು. ಇಬ್ಬರ ಮಾತೂ ಬಲವಾದದ್ದೇ. ಆದರೆ ಡೆಫೋನ ಫ್ರೈಡೆಗೆ ನಾಲಗೆಯಿತ್ತು. ದೋಣಿಯ ಪ್ರಸಂಗದಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಏಕೆಂದರೆ ಅಲ್ಲೊಂದು ಪುಟ್ಟ ತಪ್ಪೊಪ್ಪಿಗೆಯಿದೆ. ತಾವು ಕಡಿದ ಮರದ ಹೆಸರೇನೆಂದು ಇಂದಿಗೂ ತನಗೆ ತಿಳಿಯದು, 'ಫಸ್ಟಿಕ್' ಎಂಬ ಮರವನ್ನು ಅದು ಬಹಳ ಹೋಲುತ್ತಿತ್ತು ಎಂದು ಕ್ರೂಸೋ ಬರೆಯುತ್ತಾನೆ. ಮರ ಆರಿಸಿದವನು ಪಕ್ಕದಲ್ಲೇ ಇದ್ದ, ವರ್ಷಗಟ್ಟಲೆ ಇದ್ದ. ಅವನ ದೇವರ ಹೆಸರು ಬೆನಮಕೀ ಎಂದು ಕ್ರೂಸೋ ಕೇಳಿ ತಿಳಿದುಕೊಂಡಿದ್ದಾನೆ, ಆ ದೇವರನ್ನು ಸುಳ್ಳೆಂದು ತೋರಿಸುವುದಕ್ಕಾಗಿ. ಮರದ ಹೆಸರು ಕೇಳಲಿಲ್ಲ. ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುವ ನಮ್ಮಂಥ ಗಡಿನಾಡಿನವರಿಗೆ ಈ ವಾಕ್ಯ ಚುಚ್ಚದೆ ಇರದು.

ನಮ್ಮ ಕಾಲದ 'ಮನೆಯಲ್ಲೇ ಕಟ್ಟಿದ' ದೋಣಿಗಳ ಕತೆಯೂ ಬೇರೆಯಲ್ಲ. ಇಂಗ್ಲೆಂಡಿನಲ್ಲಿ 1963ರಲ್ಲಿ ಒಂದು ದಿನಪತ್ರಿಕೆಯ ಆಶ್ರಯದಲ್ಲಿ ಬಂದ ಮಿರರ್ ಡಿಂಗಿ 10 ಅಡಿ 10 ಅಂಗುಲದ, ಕೆಂಪು ಹಾಯಿಯ ಪುಟ್ಟ ದೋಣಿ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಗಾಜಿನೆಳೆಯ ಪಟ್ಟಿ ಅಂಟಿಸಿ, ಬಡಗಿಯಲ್ಲದವರೂ ಅದನ್ನು ಕಟ್ಟಿದರು. ಅಂಥವು 70,000ಕ್ಕೂ ಹೆಚ್ಚು ಆದವು. ಅದನ್ನು ಕಟ್ಟಿದವರೆಲ್ಲರ ಕೈಯ ಹಿಂದೆ ವಿನ್ಯಾಸಕಾರ ಜ್ಯಾಕ್ ಹೋಲ್ಟ್, ಹೊಲಿಯುವ ಉಪಾಯ ಹೇಳಿದ ಬ್ಯಾರಿ ಬಕ್ನೆಲ್ ಇದ್ದರು. ಹೊಲಿಗೆ ಹೊಸತೆಂದು ಅಲ್ಲಿಯವರಿಗೆ ತೋರಿರಬಹುದು. ಈ ಕಡಲಿನ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದುದನ್ನು 14ನೆಯ ಶತಮಾನದಲ್ಲೇ ಇಬ್ನ್ ಬತೂತ ಬರೆದಿಟ್ಟಿದ್ದಾನೆ.

ನಾನು ಹುಡುಗನಾಗಿದ್ದಾಗ ಓದಿದ ಸಂಕ್ಷೇಪದಲ್ಲಿ ಮೊದಲ ದೋಣಿಗೆ ಒಂದು ಅಧ್ಯಾಯವೇ ಇತ್ತು. ಮೂರನೆಯದಕ್ಕೆ ಒಂದು ಸಾಲು. ಮರದ ಮಾತು ಇರಲೇ ಇಲ್ಲ. ಮುಂದೆ ನಮ್ಮ ಎರಡು ಭಾಷೆಗಳಲ್ಲಿ ಯಾರಾದರೂ ಪೂರ್ಣಪಾಠವನ್ನು ಅನುವಾದಿಸುವುದಾದರೆ ಆ ವಾಕ್ಯವನ್ನು ಬಿಡಬಾರದು. ಇನ್ನೊಂದು ಆಸೆಯೂ ಹುಟ್ಟೀತು. ಫಸ್ಟಿಕ್ ನಮ್ಮ ಹಲಸಿನ ಕುಟುಂಬದ್ದೇ ಮರ. ದೋಣಿಗೆ ಹೇಳಿಸಿದ ನಮ್ಮ ಹೆಬ್ಬಲಸು, ಮಲಯಾಳದ ಅಯನಿ, ಅದೂ ಅದೇ ಕುಟುಂಬದ್ದು. ಹಾಗೆಂದು ಅಲ್ಲಿ ಹೆಬ್ಬಲಸು ಎಂದು ಬರೆದುಬಿಟ್ಟರೆ ಓದು ಸಲೀಸಾಗುತ್ತದೆ, ಕ್ರೂಸೋ ಕೇಳದೆ ಬಿಟ್ಟ ಪ್ರಶ್ನೆಯೂ ಮುಚ್ಚಿಹೋಗುತ್ತದೆ.