ಮೀದಿ ಯಾರಿಗೆ?

ದೇವರಿಲ್ಲದೆ, ಶಾಶ್ವತವಾದ ಗುರಿಯೊಂದಿಲ್ಲದೆ ಬದುಕಿಗೆ ಅರ್ಥವಿರಲು ಸಾಧ್ಯವೇ ಎಂಬ ಮಾತು ಕನ್ನಡದಲ್ಲಿ ಬಂದಾಗಲೆಲ್ಲ ಕೇಳಿಬರುವ ಹೆಸರುಗಳು ಹೆಚ್ಚುಕಡಿಮೆ ಅವೇ: ‘ಬಾಳ್ವೆಯೇ ಬೆಳಕು’ ಬರೆದ ಶಿವರಾಮ ಕಾರಂತರು, ‘ದೇವರು’ ಬರೆದ ಎ.ಎನ್. ಮೂರ್ತಿರಾಯರು, ಪವಾಡಗಳನ್ನು ಪರೀಕ್ಷೆಗೆ ಒಡ್ಡಿದ ಎಚ್. ನರಸಿಂಹಯ್ಯನವರು. ಇವರೆಲ್ಲ ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ವಾದಿಸಿದವರು. ಮೂರ್ತಿರಾಯರಂತೂ ಇಳಿವಯಸ್ಸಿನಲ್ಲಿ ಇಡೀ ಪುಸ್ತಕವನ್ನೇ ಆ ಜಗಳಕ್ಕೆ ಮೀಸಲಿಟ್ಟರು. ಆದರೆ ಯಾವ ಜಗಳವನ್ನೂ ಹೂಡದೆ ದೇವರನ್ನು ಈ ಪ್ರಶ್ನೆಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ ಸಂಪ್ರದಾಯವೊಂದು ಕೊಡಗಿನಲ್ಲಿದೆ. ಕೊಡವರ ಕಾರಣವ (ಪೂರ್ವಜ) ಆರಾಧನೆಯನ್ನು ಜಾನಪದದ ಕಪಾಟಿನಲ್ಲಿಟ್ಟು ಸುಮ್ಮನಾಗುವುದು ನಮ್ಮ ರೂಢಿ. ಅದನ್ನೊಂದು ವಿಚಾರಪಂಥವೆಂದೇ ತೆಗೆದುಕೊಂಡು ಅದರ ಲೆಕ್ಕ ಕೇಳುವುದು ನ್ಯಾಯ ಎಂದು ನನಗನ್ನಿಸುತ್ತದೆ.

ಮೊದಲು ಒಂದು ಅಪಾರ್ಥ ತಪ್ಪಿಸಬೇಕು. ಕೊಡವರು ನಾಸ್ತಿಕರಲ್ಲ. ಕಾವೇರಮ್ಮೆ ಇದ್ದಾಳೆ, ಭಗವತಿ, ಮಹಾದೇವ, ಅಯ್ಯಪ್ಪ ಇದ್ದಾರೆ, ಊರೂರಿಗೆ ದೇವರಕಾಡು ಇದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತಾದ ಮೇಲೆಯೇ ನಾಡಿನಲ್ಲಿ ಪುತ್ತರಿ ಸುಗ್ಗಿಹಬ್ಬದ ಕದಿರು ಕೊಯ್ಯುವುದು. ಆದರೆ ಈ ದೇವರುಗಳಿಗೆ ಒಪ್ಪಿಸಿರುವ ಕೆಲಸ ಯಾವುದು ನೋಡಿ. ಇಗ್ಗುತ್ತಪ್ಪ ಮಳೆ ಬೆಳೆಗಳ ಒಡೆಯ. ಬೇರೆಯವರು ರೋಗರುಜಿನ, ದನಕರು, ಬೇಟೆ, ಗಡಿ ನೋಡಿಕೊಳ್ಳುತ್ತಾರೆ. ನಾನು ಯಾಕೆ ಬದುಕಬೇಕು, ಸತ್ತರೆ ಏನಾಗುತ್ತೇನೆ ಎಂದು ಇವರಲ್ಲಿ ಯಾರನ್ನೂ ಕೇಳುವ ಪದ್ಧತಿ ಇಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜರಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ದೇವರೇ ಎಲ್ಲಕ್ಕೂ ಅರ್ಥ ಕೊಡುವವನು ಎಂದು ನಂಬಿದವನಿಗೆ ಆ ಸುದ್ದಿಯನ್ನು ಅರಗಿಸಿಕೊಳ್ಳುವುದು ಕಷ್ಟ. ದೇವರು ಮಳೆಯ ಖಾತೆ ನೋಡಿಕೊಳ್ಳುವವನು ಎಂದುಕೊಂಡವನಿಗೂ ದುಃಖ ಕಡಿಮೆಯಾಗದು. ಆದರೆ ಅವನ ಬದುಕಿನ ಅಡಿಪಾಯವೇ ಅದರಿಂದ ಅಲುಗಾಡಬೇಕಾಗಿಲ್ಲ.

ಆ ಅಡಿಪಾಯ ಇರುವುದು ಬೇರೆ ಕಡೆ. ಒಬ್ಬ ಮೂಲಪುರುಷನಿಂದ ಗಂಡು ಸಂತತಿಯಲ್ಲಿ ಇಳಿದುಬಂದ ಒಕ್ಕ, ಆ ಒಕ್ಕದ ಮೂಲಮನೆಯಾದ ಐನ್‌ಮನೆ, ಪಕ್ಕದಲ್ಲಿ ಹಿರಿಯರಿಗಾಗಿ ಕಟ್ಟಿದ ಕೈಮಡ, ಈ ಎಲ್ಲದರ ನೆತ್ತಿಯ ಮೇಲೆ ಆ ಮೂಲಪುರುಷನೇ ಆದ ಗುರುಕಾರಣ. ಮದುವೆಯಿರಲಿ, ಹಬ್ಬವಿರಲಿ, ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯ ತೂಗುದೀಪ ಹಚ್ಚಿ ಹಿರಿಯರಿಗೆ ಮೀದಿ, ಎಂದರೆ ಎಡೆ, ಇಡುತ್ತಾರೆ. ಬಾಳೆಎಲೆಯ ಮೇಲೆ ಆ ದಿನ ಒಲೆಯ ಮೇಲೆ ಬೆಂದದ್ದೇ ಬರುತ್ತದೆ: ಅನ್ನವೋ ಕಡುಂಬುಟ್ಟೋ, ಕಾಚಂಪುಳಿ ಹಿಂಡಿದ ಹಂದಿಸಾರು, ಕೋಳಿ, ಜೊತೆಗೆ ಒಂದಿಷ್ಟು ಕಳ್ಳು ಅಥವಾ ಸಾರಾಯಿ. ಹಿರಿಯನೊಬ್ಬ ದೀಪಕ್ಕೆ ಅಕ್ಕಿ ಹಾಕಿ ಕಾರಣವನನ್ನು ನೆನೆಯುತ್ತಾನೆ. ಪುರೋಹಿತರಿಲ್ಲ, ಸಂಸ್ಕೃತವಿಲ್ಲ, ಹವಿಸ್ಸಿಗೆಂದು ಬೇರೆ ಅಡುಗೆಯಿಲ್ಲ. ಸತ್ತವರಿಗೆ ಬದುಕಿದವರ ಊಟವೇ. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಉಣ್ಣಲು ಕೂರುತ್ತಾರೆ. ವರ್ಷಕ್ಕೊಮ್ಮೆ ದೊಡ್ಡದಾಗಿ ಕಾರಣಂಗ್ ಕೊಡ್ಪೊ (ಕಾರಣವನಿಗೆ ಕೊಡುವುದು) ನಡೆಯುತ್ತದೆ. ಹಲವು ಕಡೆ ತೆರೆ (ದೈವದ ವೇಷ) ಕಟ್ಟಿದವನ ಮೈಮೇಲೆ ಕಾರಣವ ಬಂದು ಮನೆಯವರಿಗೆ ಬುದ್ಧಿ ಹೇಳುವುದೂ ಉಂಟು. ಸತ್ತ ಅಜ್ಜ ಅಲ್ಲಿ ಬ್ರಹ್ಮತತ್ತ್ವ ಉಪದೇಶಿಸುವುದಿಲ್ಲ. ಪಾಲಿನ ಜಗಳ ಬಿಡಿ, ಬೀಳುತ್ತಿರುವ ಮಾಡು ರಿಪೇರಿ ಮಾಡಿ ಎಂಬ ಧಾಟಿಯಲ್ಲೇ ಅವನ ಮಾತು.

ತುಂಬಿದ ಬಾಳು ಎಂದರೆ ಯಾವುದು ಎಂಬುದಕ್ಕೂ ಈ ಪಂಥದಲ್ಲಿ ಉತ್ತರವಿದೆ. ಅದು ಸಿಗುವುದು ಗ್ರಂಥದಲ್ಲಲ್ಲ, ಮಂಗಲಗಳಲ್ಲಿ. ಮದುವೆಗೆ ಮಂಗಲ ಎನ್ನುವಂತೆ ಬೇರೆ ಸನ್ಮಾನಗಳಿಗೂ ಮಂಗಲವೆನ್ನುತ್ತಾರೆ. ಹಿಂದೆ ಹುಲಿ ಹೊಡೆದವನಿಗೆ ನರಿಮಂಗಲ (ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ), ಹತ್ತು ಮಕ್ಕಳನ್ನು ಹೆತ್ತವಳಿಗೆ ಪೈತಾಂಡೆಕ್ ಅಳಪೊ, ಹೊಸ ಮನೆ ಕಟ್ಟಿದವನಿಗೆ ಮನೆಮಂಗಲ. ಇವುಗಳಲ್ಲಿ ಒಂದಾದರೂ ತಪಸ್ಸಿಗಾಗಲಿ ವೈರಾಗ್ಯಕ್ಕಾಗಲಿ ಸಲ್ಲುವುದಿಲ್ಲ. ಊರು ಕಣ್ಣಾರೆ ಕಂಡ ಕೆಲಸಕ್ಕೆ ಊರೇ ಕೊಡುವ ಗೌರವ ಅದು. ಸತ್ತಾಗಲೂ ಇದೇ ಕ್ರಮ. ನಾಲ್ವರು ದುಡಿ ಬಡಿಯುತ್ತ ಸತ್ತವರ ಬಾಳನ್ನೇ ಹಾಡಾಗಿ ಹಾಡುತ್ತಾರೆ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಕನ್ನಡ ಲಿಪಿಯಲ್ಲಿ ತಂದರು. ಅದನ್ನು ಆಚಾರಗಳ ಕೈಪಿಡಿಯಂತೆ ಓದುವವರೇ ಹೆಚ್ಚು. ಒಂದು ಸಮುದಾಯ ಸಾವನ್ನು ಹೇಗೆ ಎದುರಿಸಿತು ಎಂಬುದರ ದಾಖಲೆಯಾಗಿ ಅದಕ್ಕೆ ಇನ್ನೂ ಹೆಚ್ಚಿನ ತೂಕವಿದೆ.

ಈ ಸಂಪ್ರದಾಯದತ್ತ ಜಗತ್ತಿನ ಗಮನ ಸೆಳೆದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1940ರ ದಶಕದ ಆರಂಭದಲ್ಲಿ ಘುರ್ಯೆಯವರ ಶಿಷ್ಯರಾಗಿ ಕೊಡಗಿನಲ್ಲಿ ಕಲೆಹಾಕಿದ ಸಾಮಗ್ರಿಯನ್ನು ಆಕ್ಸ್‌ಫರ್ಡ್‌ನಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್ ಕೈಕೆಳಗೆ ಮತ್ತೆ ಬರೆದು, 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಹೆಸರಾಂತ ಪುಸ್ತಕ ಹೊರತಂದರು. ವ್ಯಕ್ತಿ ಬಂದು ಹೋಗುತ್ತಾನೆ, ಒಕ್ಕ ಉಳಿಯುತ್ತದೆ. ಆಚರಣೆಗಳೆಲ್ಲ ಆ ಉಳಿವನ್ನು ಗಟ್ಟಿಗೊಳಿಸುವ ಬಗೆಗಳು ಎಂಬುದು ಅಲ್ಲಿನ ತಿರುಳು. ಕಣ್ಣಿಗೆ ಕಟ್ಟುವ ವಿವರಗಳಲ್ಲಿ ಆ ಪುಸ್ತಕವನ್ನು ಮೀರಿಸುವುದು ಇವತ್ತಿಗೂ ಸುಲಭವಲ್ಲ. ಅದರ ಇತಿಮಿತಿಯೂ ಅಲ್ಲೇ ಇದೆ. ಮೀದಿಯಿಂದ ಸಮಾಜಕ್ಕೆ ಏನು ಲಾಭ ಎಂದು ಶ್ರೀನಿವಾಸ್ ಕೇಳುತ್ತಾರೆ. ಎಲೆಯ ಮುಂದೆ ಕೈಮುಗಿದು ನಿಂತವನಿಗೆ ಅದು ಏನು ಹೇಳುತ್ತದೆ ಎಂದು ಕೇಳುವುದಿಲ್ಲ. ಒಗ್ಗಟ್ಟು ಹೆಚ್ಚಾಗಲಿ ಎಂದು ಯಾರೂ ಅಜ್ಜನಿಗೆ ಹಂದಿಸಾರು ಬಡಿಸುವುದಿಲ್ಲವಲ್ಲ.

ಮೇಲ್ಜಾತಿಗಳ ಆಚಾರವಿಚಾರಗಳನ್ನು ತಮ್ಮದಾಗಿಸಿಕೊಳ್ಳುವುದಕ್ಕೆ ಸಂಸ್ಕೃತೀಕರಣ ಎಂಬ ಮಾತು ಆ ಪುಸ್ತಕದಿಂದಲೇ ಮನೆಮಾತಾಯಿತು. ಹೊರಗಿನಿಂದ ಬಂದ ಕರ್ಮ, ಪುನರ್ಜನ್ಮಗಳು ಕೊಡವರ ಮನೆಯೊಳಗೂ ಕಾಲಿಟ್ಟಿವೆ; ಇಂದು ಒಂದೇ ಮನೆಯವರು ಕೈಮಡಕ್ಕೆ ಕೋಳಿ ಕೊಟ್ಟು ಬಂದು, ಹೋದವರಿಗೆ ಸದ್ಗತಿ ಕೋರಿ ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಡುತ್ತಾರೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಅಜ್ಜ ಇನ್ನೆಲ್ಲೋ ಮಗುವಾಗಿ ಹುಟ್ಟಿದ್ದರೆ ಎಲೆಯ ಮುಂದೆ ಕೂರುವವರು ಯಾರು? ಮೋಕ್ಷ ಹೊಂದಿದ್ದರೆ ಅವನಿಗೆ ಸಾರಾಯಿಯ ಹಂಗು ಯಾಕೆ? ಮೋಕ್ಷದ ವಿಚಾರದಲ್ಲಿ ಸಂಸಾರವೆಂಬುದು ಬಿಡಿಸಿಕೊಳ್ಳಬೇಕಾದ ಕಟ್ಟು. ಕಾರಣವನಿಗೆ ಸತ್ತ ಮೇಲೂ ಬಿಡದ ಮಮತೆಯೇ ಸಂಸಾರ. ಈ ಎರಡರಲ್ಲಿ ನನಗೆ ಎರಡನೆಯದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಮನೆ, ಗದ್ದೆ, ನಾಯಿ, ಬಂದೂಕು, ಮಕ್ಕಳು ಎಂದು ಬಾಳಿದ ಮನುಷ್ಯ ಸತ್ತೊಡನೆ ಅವೆಲ್ಲ ಮಾಯೆಯಾಗಿತ್ತು ಎನ್ನುವ ಸುಳ್ಳನ್ನು ಅದು ಹೇಳುವುದಿಲ್ಲ.

ಹಾಗಾದರೆ ಶಾಶ್ವತವಾದ ಗುರಿಯಿಲ್ಲದೆ ಅರ್ಥ ಕಂಡುಕೊಂಡ ಪಂಥವೇ ಇದು? ಇಲ್ಲಿ ಹೊಗಳಿಕೆಯನ್ನು ಸ್ವಲ್ಪ ತಡೆಯಬೇಕು. ಅಮೆರಿಕದ ತತ್ತ್ವಜ್ಞಾನಿ ಸ್ಯಾಮ್ಯುಯೆಲ್ ಶೆಫ್ಲರ್ 2013ರ ತಮ್ಮ ಪುಸ್ತಕದಲ್ಲಿ ಒಂದು ಕಲ್ಪನೆ ಮುಂದಿಡುತ್ತಾರೆ. ನೀವು ಪೂರ್ಣ ಆಯುಷ್ಯ ಬಾಳುತ್ತೀರಿ, ಆದರೆ ನೀವು ಸತ್ತ ಮೂವತ್ತು ದಿನಕ್ಕೆ ಭೂಮಿಯೇ ನಾಶವಾಗುತ್ತದೆ ಎಂದು ತಿಳಿದರೆ ಇವತ್ತಿನ ಕೆಲಸದಲ್ಲಿ ಆಸಕ್ತಿ ಉಳಿದೀತೆ? ಉಳಿಯದು, ನಮ್ಮ ನಂತರವೂ ಜನ ಇರುತ್ತಾರೆ ಎಂಬ ಭರವಸೆಯ ಮೇಲೆಯೇ ನಮ್ಮ ಬಹುಪಾಲು ಅರ್ಥ ನಿಂತಿದೆ ಎನ್ನುತ್ತಾರೆ ಅವರು. ಒಕ್ಕದ ಹಿರಿಯರಿಗೆ ಇದು ಹೊಸ ಮಾತಲ್ಲ. ಗಂಡು ಸಂತಾನವಿಲ್ಲದ ಒಕ್ಕಕ್ಕೆ ಆ ಪ್ರಳಯ ಮನೆಬಾಗಿಲಿಗೇ ಬಂದಿರುತ್ತದೆ. ಅದಕ್ಕೆಂದೇ ಒಕ್ಕಪರಿಜೆ, ಮಕ್ಕಪರಿಜೆಯಂಥ ಮದುವೆಯ ಏರ್ಪಾಡುಗಳು ಹುಟ್ಟಿದವು: ಗಂಡ ಹೆಂಡತಿಯ ಒಕ್ಕಕ್ಕೆ ಸೇರುವುದು, ಇಲ್ಲವೇ ಹುಟ್ಟುವ ಮಕ್ಕಳು ಆ ಒಕ್ಕಕ್ಕೆ ಸಲ್ಲುವುದು. 2011ರ ಜನಗಣತಿಯಲ್ಲಿ ಕೊಡವ ಭಾಷಿಕರು ಸುಮಾರು 1.14 ಲಕ್ಷ. ಸಣ್ಣ ಸಮುದಾಯ, ತಡವಾಗುವ ಮದುವೆಗಳು, ಬೆಂಗಳೂರು ಹಿಡಿದ ಮಕ್ಕಳು. ಮೂರನೆಯ ಮಗುವಿಗೆ ಪ್ರೋತ್ಸಾಹಧನ ಘೋಷಿಸುವ ಮಟ್ಟಕ್ಕೆ ಆತಂಕ ಬೆಳೆದದ್ದೂ ಉಂಟು. ದೇವರ ಜಾಗದಲ್ಲಿ ಒಕ್ಕವನ್ನು ಕೂರಿಸಿದ ಪಂಥ ದೇವರಿಂದ ಬಿಡಿಸಿಕೊಂಡಿತೇ ಹೊರತು ಶಾಶ್ವತದ ಹಂಬಲದಿಂದ ಬಿಡಿಸಿಕೊಳ್ಳಲಿಲ್ಲ.

ಆದರೂ ಅದರ ಮಾತಿಗಿಂತ ಅದರ ನಡತೆ ಜಾಣತನದ್ದು. ಕಾರಣವನಿಗೆ ಇಡುವ ಎಲೆ ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರಿಗೆ ಒಂದೊಂದಲ್ಲ, ಹೋದವರೆಲ್ಲರಿಗೆ ಸೇರಿ. ಐದಾರು ತಲೆಮಾರಿನ ಆಚೆಗಿನವರ ಹೆಸರು ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹಾಗೆಂದು ಮೀದಿ ನಿಲ್ಲುವುದೂ ಇಲ್ಲ. ಅಂದರೆ ಎಲೆಯ ಮುಂದೆ ನಿಂತ ಪ್ರತಿಯೊಬ್ಬನೂ, ನಾಳೆ ತನಗೂ ಇಲ್ಲಿ ಜಾಗ ಉಂಟು, ಆದರೆ ಹೆಸರು ಉಳಿಯುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿದಂತಾಯಿತು. ಸ್ವರ್ಗದಲ್ಲಿ ತಾನು ತಾನಾಗಿಯೇ ಉಳಿಯಬೇಕೆನ್ನುವ ಭಕ್ತ, ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವ ಧನಿಕ, ಗ್ರಂಥಾಲಯದ ಕಪಾಟಿನಲ್ಲಿ ಚಿರಂಜೀವಿಯಾಗಬಯಸುವ ನಮ್ಮಂಥ ಬರಹಗಾರರು, ಇವರಲ್ಲಿ ಯಾರಿಗೂ ಈ ಒಪ್ಪಂದ ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯದು. ಅಳಿದುಹೋಗುವುದನ್ನು ಅವಮಾನವೆಂದು ಎಣಿಸದಿರುವುದೇ ಈ ಪಂಥದ ದೊಡ್ಡ ಕಾಣಿಕೆ. ಕಾರಂತರು ಬಾಳನ್ನು ಬಾಳಿನಾಚೆಗೆ ಅಳೆಯಲು ಒಪ್ಪಲಿಲ್ಲ. ಆದರೆ ಕಾರಂತರ ಮನುಷ್ಯ ಹೆಚ್ಚಾಗಿ ಒಂಟಿ. ತನ್ನ ಬುದ್ಧಿ, ತನ್ನ ಅನುಭವ, ತನ್ನ ನಿರ್ಧಾರ. ಎಲ್ಲರೂ ಕಾರಂತರಾಗಲು ಸಾಧ್ಯವೇ? ಆ ಗಟ್ಟಿತನ ಇಲ್ಲದ ನೂರು ಮಂದಿಗೆ ಒಕ್ಕ ಒಂದು ಚಾಪೆ ಹಾಸಿಕೊಟ್ಟಿತ್ತು.

ಚಾಪೆಯ ಮೇಲೆ ಯಾರಿಗೆಲ್ಲ ಜಾಗ ಎಂಬುದು ಬೇರೆಯೇ ಕಥೆ. ಈ ಸಂಪ್ರದಾಯವನ್ನು ಕೊಂಡಾಡುವ ಬರಹಗಳು ಜಾರಿಕೊಳ್ಳುವುದು ಇಲ್ಲೇ. ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದರು, ಔಡಲದ ಕಡ್ಡಿಯ ಪುಟ್ಟ ಬಿಲ್ಲು ಬಾಣವನ್ನು ಕೂಸಿನ ಕೈಗೆ ಮುಟ್ಟಿಸುತ್ತಿದ್ದರು. ಹೆಣ್ಣು ಹುಟ್ಟಿದರೆ ಗುಂಡಿನ ಸದ್ದಿಲ್ಲ. ಅವಳು ಮದುವೆಯಾಗುವಾಗ ಎರಡೂ ಒಕ್ಕಗಳ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು, ಸಣ್ಣ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ ಅವಳ ಹಕ್ಕುಗಳನ್ನು ಒಂದು ಒಕ್ಕದಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಾರೆ. ವಿಧವೆಗೆ ಮರುಮದುವೆಯ ದಾರಿ ತೆರೆದಿಟ್ಟ ಸಮಾಜ ಇದು. ಆ ಮಟ್ಟಿಗೆ ಸುತ್ತಲಿನ ಹಲವರಿಗಿಂತ ಉದಾರ. ಆದರೂ ಹೆಣ್ಣಿನ ಬಾಳಿಗೆ ಅರ್ಥ ಯಾವಾಗಲೂ ಯಾರದೋ ವಂಶದ ಮೂಲಕವೇ ಬರಬೇಕು.

ಅದೇ ಕೊಡಗಿನ ಶುಂಠಿಕೊಪ್ಪದಲ್ಲಿ ಕೂತು ಕಥೆ ಬರೆದ ಕೊಡಗಿನ ಗೌರಮ್ಮ ಕೊಡವರಲ್ಲ, ಬ್ರಾಹ್ಮಣ ಮನೆಯವರು. ‘ಕಂಬನಿ’, ‘ಚಿಗುರು’ ಸಂಕಲನಗಳ ಅವರ ಎಷ್ಟೋ ಹೆಣ್ಣುಗಳು ವಂಶದ ಲೆಕ್ಕಕ್ಕೆ ಬಾರದವರು: ಎಳೆಯ ವಿಧವೆಯರು, ಕೈಬಿಡಲ್ಪಟ್ಟವರು. ಅವರಿಗೆ ದೇವರು ಉತ್ತರ ಕೊಡುವುದಿಲ್ಲ, ಕುಟುಂಬವೂ ಕೊಡುವುದಿಲ್ಲ. ಇನ್ನೊಬ್ಬರ ಒಂದು ಮಾತು, ಒಂದು ಗೆಳೆತನದಿಂದ ಬಾಳು ಸಹ್ಯವಾಗುತ್ತದೆ, ಇಲ್ಲವೇ ಆಗುವುದಿಲ್ಲ. ಹೊಳೆಯಲ್ಲಿ ಮುಳುಗಿ 1939ರಲ್ಲಿ ತೀರಿಕೊಂಡಾಗ ಗೌರಮ್ಮನವರಿಗೆ ಇಪ್ಪತ್ತೇಳು ವರ್ಷ. ಒಕ್ಕದ ವಿಚಾರಕ್ಕೆ ಕೊಡಗಿನ ಒಳಗಿನಿಂದಲೇ ಬಂದ ಅತ್ಯಂತ ಗಟ್ಟಿಯಾದ ಆಕ್ಷೇಪಣೆ ಅವರ ಕಥೆಗಳದ್ದು, ಅವರು ಆ ಉದ್ದೇಶದಿಂದ ಬರೆಯದಿದ್ದರೂ.

ಇನ್ನೊಂದು ಲೆಕ್ಕ ಇದಕ್ಕಿಂತ ಕಹಿ. ಐನ್‌ಮನೆಯ ಜಮ್ಮಾ (ವಂಶಪಾರಂಪರ್ಯ ಹಿಡುವಳಿಯ) ಗದ್ದೆಯನ್ನು ಉತ್ತವರು ಯಾರು? ರಾಜರ ಕಾಲದಿಂದ ಜಮ್ಮದ ಆಳುಗಳಿದ್ದರು. ಭೂಮಿಯ ಜೊತೆಗೇ ಕೈಬದಲಾಗುವವರು ಒಂದು ಬಗೆ, ಒಕ್ಕಕ್ಕೆ ಸೇರಿದವರು ಇನ್ನೊಂದು ಬಗೆ. ಹೊಲೆಯರು, ಯರವರು ತಲೆತಲಾಂತರ ದುಡಿದರು. ಅವರಿಗೂ ಅಜ್ಜ ಮುತ್ತಜ್ಜಂದಿರಿದ್ದರು, ಅವರೂ ಸತ್ತವರಿಗೆ ಎಡೆ ಇಟ್ಟರು. ಆದರೆ ಒಬ್ಬನ ಪೂರ್ವಜ ಜಮೀನಿಗೆ ದಾಖಲೆಯಾದ, ಇನ್ನೊಬ್ಬನ ಪೂರ್ವಜ ಅದೇ ಜಮೀನಿನ ಜೊತೆ ಎಣಿಕೆಯಾದ. ಒಕ್ಕದ ಅರ್ಥಪೂರ್ಣ ಬಾಳಿನ ಖರ್ಚನ್ನು ಭರಿಸಿದವರು ಇವರೇ. ಶ್ರೀನಿವಾಸರ ಒಗ್ಗಟ್ಟಿನ ಚಿತ್ರದಲ್ಲಿ ಈ ಬಿರುಕಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಎಂಬುದು ನನ್ನ ದೂರು.

ಇವತ್ತಿನ ಒಕ್ಕ ಉಸಿರಾಡುವುದು ಗದ್ದೆಯಲ್ಲಲ್ಲ. ಗದ್ದೆ ಪಾಳು ಬಿದ್ದಿದೆ ಅಥವಾ ಕಾಫಿಯಾಗಿದೆ. 2018ರ ಮಳೆಯಲ್ಲಿ ಗುಡ್ಡಗಳು ಕುಸಿದಾಗ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ನೆಲವೇ ನಂಬಿಕೆಗೆ ಅರ್ಹವಲ್ಲ ಎಂದು ಗೊತ್ತಾಯಿತು. ಒಕ್ಕ ಮೈಕೊಡವಿ ಏಳುವುದು ಹಾಕಿ ಮೈದಾನದಲ್ಲಿ. ಒಕ್ಕಗಳ ನಡುವಿನ ಹಾಕಿ ಪಂದ್ಯಾವಳಿಯನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದಾಗ 60 ಒಕ್ಕಗಳ ತಂಡಗಳಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ 360. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ದುಬೈಯಿಂದ ರಜೆ ಹಾಕಿ ಬಂದವನು ಐದು ನಿಮಿಷ ಆಡಿ ಸುಸ್ತಾಗಿ ಕೂರುತ್ತಾನೆ. ಸೋತರೂ ವಂಶಕ್ಕೆ ಕುಂದಿಲ್ಲ, ಗೆದ್ದರೂ ಸ್ವರ್ಗವಿಲ್ಲ. ಗುರಿಯೆಂದರೆ ಗೋಲು ಮಾತ್ರ. ಊರ ಬಯಲಾದ ಮಂದ್‌ನಲ್ಲಿ ಕುಣಿಯುವ ಪುತ್ತರಿ ಕೋಲಾಟಕ್ಕಿಂತ ಇದು ಕಡಿಮೆ ಪವಿತ್ರವೆಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಗಂಡು ಹೆಣ್ಣೆಂಬ ಎಣಿಕೆಯನ್ನು ಕೈಮಡಕ್ಕಿಂತ ಮೊದಲು ಸಡಿಲಿಸಿದ್ದು ಈ ಮೈದಾನ.

ಆದರೆ ಮೈದಾನಕ್ಕೆ ತಂಡ ಕಟ್ಟುವುದೂ ಒಕ್ಕವೇ, ಮತ್ತು ಒಕ್ಕದಾಚೆಗಿನ ಕೊಡಗು ಈಗ ಒಕ್ಕದ ವಾದವನ್ನೇ ಎತ್ತಿಕೊಂಡಿದೆ. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿಗಳು ಧರಣಿ ಕೂತರು. 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಬಂದು, ನಮ್ಮ ಹಿರಿಯರು ಈ ಕಾಡಿನಲ್ಲೇ ಇದ್ದಾರೆ, ಇದು ನಮ್ಮ ಜಾಗ ಎಂದರು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಹೂಳಿದ ಜಾಗ, ಪೂಜೆಯ ಜಾಗಗಳನ್ನು ಪುರಾವೆಯಾಗಿ ಪರಿಗಣಿಸಲು ಅವಕಾಶವಿದೆ. ಅರಣ್ಯಾಧಿಕಾರಿಗೆ ಇದು ಕಡತದ ತಕರಾರು. ಸತ್ತವರು ಬದುಕಿದವರ ನೆಲವನ್ನು ಬಿಟ್ಟುಹೋಗಿಲ್ಲ ಎನ್ನುವ ಈ ಮಾತು ಐನ್‌ಮನೆಯ ಯಜಮಾನನಿಗೆ ಅರ್ಥವಾಗುವಷ್ಟು ಚೆನ್ನಾಗಿ ಕೊಡಗಿನಲ್ಲಿ ಬೇರೆ ಯಾರಿಗೂ ಅರ್ಥವಾಗಲಾರದು. ಅವನು ಅದಕ್ಕೆ ಏನು ಹೇಳುತ್ತಾನೆ ಎಂಬುದರ ಮೇಲೆ ಈ ಪಂಥದ ಬೆಲೆ ಕಟ್ಟಬೇಕಾಗುತ್ತದೆ.