ಪೊವಾಯಿಯಲ್ಲಿ ಬೆಳೆದ ಸೈಲ್ಯಾಬ್

ಗಣಿತ ಲೆಕ್ಕಾಚಾರದ ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನ ಲೈಸೆನ್ಸ್ ಕೊಳ್ಳಲಾಗದ ಎಂಜಿನಿಯರಿಂಗ್ ಕಾಲೇಜುಗಳಿಗೆ ಸೈಲ್ಯಾಬ್ ಒಂದು ಆಸರೆ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ ರೂಪುಗೊಂಡು 1994ರಿಂದ ಉಚಿತವಾಗಿ ಸಿಗುತ್ತಿರುವ ಈ ಭಾಷೆಗೆ ಬಳಕೆದಾರರು ಕಡಿಮೆ. ಜತೆಗೆ ಬರುವ ಫಂಕ್ಷನ್‌ಗಳಲ್ಲೂ ಕೊರತೆಗಳಿವೆ. ಅವನ್ನು ತುಂಬುವ ಗಂಭೀರ ಪ್ರಯತ್ನ ನಡೆದದ್ದು ಮುಂಬಯಿಯ ಪೊವಾಯಿಯಲ್ಲಿ, ಐಐಟಿ ಬಾಂಬೆಯ ಫಾಸಿ ಯೋಜನೆಯಲ್ಲಿ. ಕೇಂದ್ರ ಸರ್ಕಾರದ ಹಣ, ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರ ಮುಂದಾಳತ್ವ, ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿಗಳ ದುಡಿಮೆ ಇದರ ಹಿಂದಿವೆ.

ಇಲ್ಲಿನ ಅತ್ಯುತ್ತಮ ಕೆಲಸ ಆಪ್ಟಿಮೈಸೇಶನ್ ಟೂಲ್‌ಬಾಕ್ಸ್. ಸೈಲ್ಯಾಬ್‌ನ ಸ್ವಂತ 'ಆಪ್ಟಿಮ್' ಫಂಕ್ಷನ್ ಚರಾಂಶಗಳಿಗೆ ಮೇಲಿನ, ಕೆಳಗಿನ ಮಿತಿಗಳನ್ನಷ್ಟೇ ಒಪ್ಪುತ್ತದೆ. ಸರಕು ಸಾಗಿಸಲು ಎಷ್ಟು ಲಾರಿ ಬೇಕೆಂದು ಲೆಕ್ಕ ಹಾಕುವವರಿಗೆ ಎರಡೂವರೆ ಲಾರಿ ಎಂಬ ಉತ್ತರದಿಂದ ಪ್ರಯೋಜನವಿಲ್ಲ; ಪೂರ್ಣಾಂಕವೇ ಬೇಕು. ಆ ಷರತ್ತನ್ನು 'ಆಪ್ಟಿಮ್' ಒಪ್ಪುವುದಿಲ್ಲ. ಫಾಸಿ ತಂಡ ಇದಕ್ಕೆ ಹೊಸ ಅಲ್ಗಾರಿದಮ್ ಬರೆಯಲು ಹೋಗಲಿಲ್ಲ. ಕಾಯಿನ್-ಓಆರ್ ಬಳಗದ ಸಿಂಫನಿ, ಐಪಾಪ್ಟ್ ಮುಂತಾದ ಪಳಗಿದ ಮುಕ್ತ ಲೈಬ್ರರಿಗಳಿಗೆ ಸೇತುವೆ ಕಟ್ಟಿತು. ಬಳಕೆದಾರ ಕೊಟ್ಟ ಮ್ಯಾಟ್ರಿಕ್ಸ್‌ಗಳ ಅಳತೆ ಹೊಂದುತ್ತದೆಯೇ ಎಂದು ಸೈಲ್ಯಾಬ್ ಕೋಡ್ ಮೊದಲು ಪರೀಕ್ಷಿಸುತ್ತದೆ. ಆಮೇಲೆ ಸಿ++ ಗೇಟ್‌ವೇ ಲೆಕ್ಕವನ್ನು ಲೈಬ್ರರಿಗೆ ದಾಟಿಸಿ ಉತ್ತರ ತರುತ್ತದೆ. 'ಲಿನ್‌ಪ್ರಾಗ್', 'ಎಫ್‌ಮಿನ್‌ಕಾನ್' ಎಂಬ ಮ್ಯಾಟ್‌ಲ್ಯಾಬ್ ಹೆಸರುಗಳನ್ನೇ ಹಿಡಿದದ್ದು ಜಾಣ ನಿರ್ಧಾರ. ಮೇಷ್ಟ್ರು ಹಳೆಯ ಪಾಠವನ್ನು ಹೆಚ್ಚು ತಿದ್ದಬೇಕಾಗಿಲ್ಲ.

ಫಾಸಿಯದೇ ಆದ ಸೈಲ್ಯಾಬ್-ಆಕ್ಟೇವ್ ಟೂಲ್‌ಬಾಕ್ಸ್ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾಗದು. ಅದು ಕೆಲಸವನ್ನು ಆಕ್ಟೇವ್‌ಗೆ ಒಪ್ಪಿಸಿ ಫಲಿತಾಂಶ ತಂದುಕೊಡುತ್ತದೆ. ಆಕ್ಟೇವ್ ಕೂಡ ಉಚಿತವೇ, ಮ್ಯಾಟ್‌ಲ್ಯಾಬ್‌ಗೆ ಇನ್ನೂ ಹತ್ತಿರದ್ದು. ಎರಡನ್ನೂ ಇನ್‌ಸ್ಟಾಲ್ ಮಾಡಬೇಕಾದ ವಿದ್ಯಾರ್ಥಿ ನೇರವಾಗಿ ಆಕ್ಟೇವ್‌ನಲ್ಲೇ ಏಕೆ ಬರೆಯಬಾರದು?

ಸೇತುವೆಗಳಿಗೆ ನಿರಂತರ ದುರಸ್ತಿಯೂ ಬೇಕು. 2017ರಲ್ಲಿ ಸೈಲ್ಯಾಬ್ 6 ಬಂದಾಗ ಒಳಗಿನ ರಚನೆಯೇ ಬದಲಾಯಿತು; ಹಳೆಯ ಗೇಟ್‌ವೇ ಕೋಡ್ ಇದ್ದಂತೆಯೇ ನಡೆಯುವಂತಿರಲಿಲ್ಲ. ಕೆಲವು ತಿಂಗಳು ದುಡಿದು ಹೊರಡುವ ಇಂಟರ್ನ್‌ಗಳನ್ನೇ ನೆಚ್ಚಿದ ಯೋಜನೆಗೆ ಇದು ನಿಜವಾದ ಅಪಾಯ. ಹೊಸ ಫಂಕ್ಷನ್ ಸೇರಿಸುವುದಕ್ಕೆ ಸಿಗುವ ಮನ್ನಣೆ, ಇದ್ದದ್ದನ್ನು ಕಾಯುವವರಿಗೆ ಸಿಗುವುದಿಲ್ಲ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿ ಕೈಜೋಡಿಸಬಹುದು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಮತ್ತೊಂದು ಹಾಜರಾತಿ ಆ್ಯಪ್ ಮಾಡಿಸುವ ಬದಲು, ಆಪ್ಟಿಮೈಸೇಶನ್ ಟೂಲ್‌ಬಾಕ್ಸಿನ ಒಂದು ಫಂಕ್ಷನ್ ಆರಿಸಿ ಅದಕ್ಕೆ ಪರೀಕ್ಷೆಗಳನ್ನೂ ಸಹಾಯಪುಟವನ್ನೂ ಬರೆಸಲಿ. ಮೂಲ ಕೋಡ್ ಎಲ್ಲರಿಗೂ ತೆರೆದೇ ಇದೆ.